ಕ್ರೂರ ಆಳ್ವಿಕೆಯ ನಾಣ್ಯ ನಮ್ಮ ಸಂಗ್ರಹದಲ್ಲಿರಬಹುದೆ?

ಅಂಚೆಚೀಟಿ, ಬೆಂಕಿಪೊಟ್ಟಣ, ನಾಣ್ಯ - ಶಾಲೆಯ ದಿನಗಳಲ್ಲಿ ಹಿಡಿಯುವ ಸಂಗ್ರಹದ ಹುಚ್ಚುಗಳಲ್ಲಿ ದೊಡ್ಡವರಾದ ಮೇಲೂ ಉಳಿಯುವುದು ಹೆಚ್ಚಾಗಿ ನಾಣ್ಯದ್ದೇ. ನಾಣ್ಯ ಬೇಗ ಹಾಳಾಗುವುದಿಲ್ಲ. ಮೇಲಾಗಿ ಒಂದು ರಾಜ್ಯದ ಹೆಸರು, ಇಸವಿ, ಲಿಪಿ, ಲಾಂಛನ, ದೊರೆಯ ಮುಖ ಇಷ್ಟನ್ನೂ ಒಂದು ಚಿಕ್ಕ ಲೋಹದ ಬಿಲ್ಲೆ ಹೊತ್ತುಕೊಂಡಿರುತ್ತದೆ. ಇತಿಹಾಸದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲವೆಂದು ಅಧ್ಯಾಪಕರು ಹೇಳುವುದು ಸರಿಯಾಗಿಯೇ ಇದೆ. ಆದರೆ ಆಳಿದವರೆಲ್ಲ ಒಳ್ಳೆಯವರಾಗಿರಲಿಲ್ಲ. ತನ್ನ ಪ್ರಜೆಗಳನ್ನೇ ಕೊಂದ ಸರ್ಕಾರವೂ ನಾಣ್ಯ ಹೊರಡಿಸಿದೆ. ಮನುಷ್ಯರನ್ನು ಮಾರಿದ ಕಂಪನಿಯ ಗುರುತೂ ಚಿನ್ನದ ಮೇಲೆ ಬಿದ್ದಿದೆ. ಅಂಥ ನಾಣ್ಯವನ್ನು ಹಣ ಕೊಟ್ಟು ಕೊಂಡು, ಒರೆಸಿ, ಆಲ್ಬಮ್ಮಿನಲ್ಲಿ ಜೋಡಿಸಿ ಸಂತೋಷಪಡುವುದು ಸರಿಯೆ?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. "ಲೋಹಕ್ಕೇನು ಪಾಪ?" ಎನ್ನುವುದು ಒಂದು. "ಅಂಥದ್ದನ್ನು ಮನೆಯೊಳಗೇ ತರಬಾರದು" ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಎರಡರಿಂದಲೂ ಒಂದು ಅನುಕೂಲ ದೊರೆಯುತ್ತದೆ: ಹಾಗೆಂದುಬಿಟ್ಟರೆ ನಾಣ್ಯವನ್ನು ಕೈಗೆತ್ತಿಕೊಂಡು ನೋಡುವ ಶ್ರಮ ತಪ್ಪುತ್ತದೆ. ನಾವು ಆ ಶ್ರಮ ತೆಗೆದುಕೊಳ್ಳೋಣ. ಕಿರುತೆರೆಯಲ್ಲಾದರೆ ನಾಣ್ಯದ ಎರಡೂ ಬದಿಗಳನ್ನು ದೊಡ್ಡದು ಮಾಡಿ ತೋರಿಸಬಹುದು. ಈ ಪುಟದಲ್ಲಿ ಆ ಕೆಲಸವನ್ನು ಮಾತೇ ಮಾಡಬೇಕು.

ಮೊದಲು ಜರ್ಮನಿಯ ಒಂದು ನಾಣ್ಯ. 1934ರಲ್ಲಿ ಅಲ್ಲಿ 2 ಮಾರ್ಕ್ ಮತ್ತು 5 ಮಾರ್ಕ್ ಬೆಲೆಯ ಬೆಳ್ಳಿನಾಣ್ಯಗಳು ಹೊರಬಂದವು. ಅವುಗಳ ಮೇಲೆ ಪಾಟ್ಸ್‌ಡ್ಯಾಮ್ ನಗರದ ಗ್ಯಾರಿಸನ್ ಚರ್ಚಿನ ಚಿತ್ರವಿದೆ. 5 ಮಾರ್ಕಿನದು ಸುಮಾರು 13.9 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಅಚ್ಚು ಅಚ್ಚುಕಟ್ಟಾಗಿದೆ, ನೋಡಲು ಚೆಂದವೂ ಹೌದು. ಇದರಲ್ಲಿ ಎರಡು ಬಗೆಗಳಿರುವುದನ್ನು ಸಂಗ್ರಾಹಕರೆಲ್ಲ ಬಲ್ಲರು: ಒಂದರಲ್ಲಿ ಚರ್ಚಿನ ಚಿತ್ರದೊಂದಿಗೆ "21 ಮಾರ್ಚ್ 1933" ಎಂಬ ದಿನಾಂಕವಿದೆ, ಇನ್ನೊಂದರಲ್ಲಿ ಇಲ್ಲ. ದಿನಾಂಕವಿರುವುದು ಎಷ್ಟಕ್ಕೆ, ಇಲ್ಲದಿರುವುದು ಎಷ್ಟಕ್ಕೆ ಎಂಬುದನ್ನು ಬೆಲೆಪಟ್ಟಿಗಳು ಬೇರೆ ಬೇರೆಯಾಗಿ ಕೊಡುತ್ತವೆ. ಆ ದಿನ ಏನು ನಡೆಯಿತೆಂಬುದನ್ನು ಬೆಲೆಪಟ್ಟಿ ಹೇಳುವುದಿಲ್ಲ. ಅದು ಅದರ ಕೆಲಸವೂ ಅಲ್ಲ.

ಹಿಟ್ಲರ್ ಆಗಿನ್ನೂ ಪ್ರಧಾನಿಯಾಗಿ ಎರಡು ತಿಂಗಳು ತುಂಬಿರಲಿಲ್ಲ. ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿದ್ದಿತ್ತು. ಹೊಸದಾಗಿ ಆಯ್ಕೆಯಾದ ಸಂಸತ್ತಿನ ಉದ್ಘಾಟನಾ ಸಮಾರಂಭವನ್ನು ಮಾರ್ಚ್ 21ರಂದು ಪ್ರಷ್ಯದ ದೊರೆಗಳ ಸಮಾಧಿಯಿದ್ದ ಈ ಚರ್ಚಿನಲ್ಲಿ ಏರ್ಪಡಿಸಲಾಯಿತು. ಮುದಿ ಸೇನಾನಿಯೂ ರಾಷ್ಟ್ರಾಧ್ಯಕ್ಷನೂ ಆಗಿದ್ದ ಹಿಂಡೆನ್‌ಬರ್ಗ್ ಸಮವಸ್ತ್ರ ಧರಿಸಿ ಬಂದ. ಹಿಟ್ಲರ್ ಕರಿಯ ಕೋಟು ತೊಟ್ಟು ತಲೆಬಾಗಿ ಅವನ ಕೈಕುಲುಕಿದ. ಹಳೆಯ ಜರ್ಮನಿಯ ಮರ್ಯಾದೆಯೆಲ್ಲ ಹೊಸ ನಾಯಕನಿಗೆ ಸಂದಿತೆಂಬ ಭಾವನೆ ಹುಟ್ಟಿಸುವುದೇ ಆ ಸಮಾರಂಭದ ಉದ್ದೇಶ. ಮರುದಿನ, ಮಾರ್ಚ್ 22ರಂದು, ಮ್ಯೂನಿಚ್ ಬಳಿಯ ಡಾಖಾವ್ ಬಂಧನ ಶಿಬಿರಕ್ಕೆ ಮೊದಲ ಕೈದಿಗಳನ್ನು ತರಲಾಯಿತು. ಅದರ ಮರುದಿನ ಸಂಸತ್ತು ತನ್ನ ಶಾಸನಾಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಒಪ್ಪಿಸುವ ಕಾಯಿದೆಯನ್ನು ಅಂಗೀಕರಿಸಿತು. ಮೂರು ದಿನಗಳಲ್ಲಿ ನಡೆದ ಮೂರು ಸಂಗತಿಗಳಲ್ಲಿ ನಾಣ್ಯಕ್ಕೆ ಏರಿದ್ದು ಮೊದಲನೆಯದು ಮಾತ್ರ.

ಕ್ರೂರ ಪ್ರಭುತ್ವದ ನಾಣ್ಯ ಮಾಡುವ ಕೆಲಸವೇ ಇದು. ಅದರ ಮೇಲೆ ಬಂದೂಕು, ಬೇಲಿಗಳ ಚಿತ್ರ ಇರುವುದಿಲ್ಲ. ಚರ್ಚು, ಹದ್ದು, ತೆನೆ, ಮಾಲೆ ಇರುತ್ತವೆ. ಹಿಟ್ಲರನ ಮುಖ ಚಲಾವಣೆಯ ನಾಣ್ಯಗಳ ಮೇಲೆ ಬರಲೇ ಇಲ್ಲ ಎಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಅಂಚೆಚೀಟಿಗಳ ಮೇಲೆ ಬಂತು. ನಾಣ್ಯದ ಮೇಲೆ 1934ರಲ್ಲೇ ತೀರಿಕೊಂಡ ಹಿಂಡೆನ್‌ಬರ್ಗನ ಮುಖ 1939ರವರೆಗೂ ಮುಂದುವರಿಯಿತು. ಹಾಗಾಗಿ ಹಿಟ್ಲರನ ಮುಖವಿರುವ "ಅಪೂರ್ವ ಜರ್ಮನ್ ನಾಣ್ಯ" ಎಂದು ಯಾರಾದರೂ ಮಾರಲು ಬಂದರೆ ಅದು ಚಲಾವಣೆಯ ನಾಣ್ಯವಲ್ಲ. ಬಹುಮಟ್ಟಿಗೆ ಇತ್ತೀಚೆಗೆ ಎಲ್ಲೋ ಅಚ್ಚು ಹಾಕಿದ ಬಿಲ್ಲೆ. ಅದನ್ನು ಮಾಡುವವರು ಇತಿಹಾಸದ ವಿದ್ಯಾರ್ಥಿಗಳಿಗಾಗಿ ಮಾಡುವುದಿಲ್ಲ. ಆ ಮುಖವನ್ನು ಮೆಚ್ಚಿ ಕೊಳ್ಳುವ ಗಿರಾಕಿ ಇರುವುದರಿಂದ ಮಾಡುತ್ತಾರೆ. ಅಂಥ ಗಿರಾಕಿಗಳು ನಮ್ಮ ನಾಡಿನಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳುವುದು ಬೇಡ. ಹಿಟ್ಲರನ ಆತ್ಮಕಥೆ ನಮ್ಮ ನಗರಗಳ ಪುಸ್ತಕದ ಅಂಗಡಿಗಳಲ್ಲಿ "ಯಶಸ್ಸಿನ ಗುಟ್ಟು" ಹೇಳುವ ಪುಸ್ತಕಗಳ ಪಕ್ಕದಲ್ಲೇ ಕಾಣಸಿಗುತ್ತದೆ.

1936ರಿಂದ ಈ ಬೆಳ್ಳಿನಾಣ್ಯಗಳ ಹಿಮ್ಮುಖದಲ್ಲಿ ಹದ್ದಿನ ಕಾಲ್ಗಳ ಹಿಡಿತದಲ್ಲಿ ಸ್ವಸ್ತಿಕ ಕಾಣಿಸಿಕೊಂಡಿತು. ಇಲ್ಲಿ ಭಾರತೀಯ ವಿದ್ಯಾರ್ಥಿಗೆ ಒಂದು ಗೊಂದಲ ಸಹಜ. ನಮ್ಮಲ್ಲಿ ಸ್ವಸ್ತಿಕವನ್ನು ಹೊಸ್ತಿಲ ಮೇಲೆ, ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆಯುತ್ತೇವೆ. ನಾಣ್ಯಗಳ ಮೇಲೂ ಅದು ಬಹಳ ಹಳೆಯದು: ಹಿಮಾಲಯದ ತಪ್ಪಲಿನ ಕುಣಿಂದರ ಬೆಳ್ಳಿನಾಣ್ಯಗಳಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇದೆ. ಗುರುತು ಒಂದೇ, ಒತ್ತಿದ ಕೈ ಬೇರೆ, ಒತ್ತಿದ ಉದ್ದೇಶ ಬೇರೆ. ಜರ್ಮನಿಯಲ್ಲಿ ನಾಜಿ ಲಾಂಛನಗಳ ಸಾರ್ವಜನಿಕ ಪ್ರದರ್ಶನವನ್ನು ದಂಡಸಂಹಿತೆ ನಿಷೇಧಿಸುತ್ತದೆ. ಬೋಧನೆ, ಸಂಶೋಧನೆ, ಕಲೆ, ಇತಿಹಾಸ ನಿರೂಪಣೆಗಳಿಗೆ ವಿನಾಯಿತಿ ಇದೆ. ಆದ್ದರಿಂದ ಅಲ್ಲಿನ ಹಲವು ನಾಣ್ಯ ವರ್ತಕರು ತಮ್ಮ ಪಟ್ಟಿಗಳ ಚಿತ್ರಗಳಲ್ಲಿ ಸ್ವಸ್ತಿಕವನ್ನು ಮರೆಮಾಡಿ ಅಚ್ಚು ಹಾಕುತ್ತಾರೆ. ನಾಣ್ಯ ಮಾರಬಹುದು, ಗುರುತು ಮೆರೆಸಬಾರದು ಎಂಬ ಭಾವ.

ಇದೇ ಭೇದ ಇನ್ನೊಂದು ಪ್ರಸಿದ್ಧ ಮೊಕದ್ದಮೆಯ ನಂತರವೂ ಕಾಣಿಸಿತು. ಯಾಹೂ ಕಂಪನಿಯ ಹರಾಜು ತಾಣದಲ್ಲಿ ನಾಜಿ ವಸ್ತುಗಳು ಬಿಕರಿಯಾಗುತ್ತಿದ್ದುದರ ವಿರುದ್ಧ ಫ್ರಾನ್ಸಿನಲ್ಲಿ ದಾವೆ ಹೂಡಲಾಯಿತು. 2000ದ ನವೆಂಬರಿನಲ್ಲಿ ಪ್ಯಾರಿಸ್ ನ್ಯಾಯಾಲಯ ಫ್ರೆಂಚ್ ಗ್ರಾಹಕರಿಗೆ ಅವು ದೊರೆಯದಂತೆ ಮಾಡಲು ಆಜ್ಞಾಪಿಸಿತು. ಕಂಪನಿ ಆ ಆಜ್ಞೆಯನ್ನು ಅಮೆರಿಕದ ನ್ಯಾಯಾಲಯದಲ್ಲಿ ಪ್ರಶ್ನಿಸಿತಾದರೂ, 2001ರ ಆರಂಭದಲ್ಲಿ ದ್ವೇಷವನ್ನು ವೈಭವೀಕರಿಸುವ ವಸ್ತುಗಳ ಮಾರಾಟವನ್ನು ತಾನಾಗಿಯೇ ನಿಲ್ಲಿಸಿತು. ಆದರೆ ಸರ್ಕಾರ ಹೊರಡಿಸಿದ ನಾಣ್ಯ, ಅಂಚೆಚೀಟಿಗಳನ್ನು ಆ ನಿಷೇಧದ ಹೊರಗಿಟ್ಟಿತು.

ಪದಕ, ಕಠಾರಿ, ಸಮವಸ್ತ್ರಗಳಿಗಿಲ್ಲದ ರಿಯಾಯಿತಿ ನಾಣ್ಯಕ್ಕೇಕೆ? ಪದಕ ಆ ಪ್ರಭುತ್ವಕ್ಕೆ ಸೇವೆ ಸಲ್ಲಿಸಿದವನ ಎದೆಯ ಮೇಲಿರುತ್ತದೆ. ನಾಣ್ಯವಾದರೋ ಎಲ್ಲರ ಕೈಯಲ್ಲೂ ಓಡಾಡುತ್ತದೆ. ಅದೇ ಮಾರ್ಕಿನಲ್ಲಿ ಪೊಲೀಸನೂ ರೊಟ್ಟಿ ಕೊಂಡ, ಅವನಿಗೆ ಹೆದರಿ ಬಾಗಿಲು ಹಾಕಿಕೊಂಡವನೂ ರೊಟ್ಟಿ ಕೊಂಡ. ನಾಣ್ಯಕ್ಕೆ ಮುದ್ರೆ ಒತ್ತಿದವನು ಒಬ್ಬ, ಬಳಸಿದವರು ಲಕ್ಷಾಂತರ. ಈ ಎರಡನೆಯವರ ನೆನಪಿಗಾಗಿ ಅದನ್ನು ಇಟ್ಟುಕೊಳ್ಳುವುದು ಸಾಧ್ಯವಿದೆ.

ಇದನ್ನು ಅರ್ಥಮಾಡಿಕೊಳ್ಳಲು ನಾವು ಜರ್ಮನಿಗೇ ಹೋಗಬೇಕಾಗಿಲ್ಲ. ಅಜ್ಜಿಯ ಹಳೆಯ ಪೆಟ್ಟಿಗೆಯಲ್ಲಿ ನಡುವೆ ತೂತಿರುವ ಕಂಚಿನ ಕಾಲಾಣೆ ಸಿಕ್ಕಿದರೆ ಅದರ ಇಸವಿ ನೋಡಿ: 1943ರಿಂದ 1947ರೊಳಗಿನದು. ಮೇಲೆ ಬ್ರಿಟಿಷ್ ಕಿರೀಟವಿದೆ. ಎರಡನೆಯ ಮಹಾಯುದ್ಧಕ್ಕೆ ಲೋಹ ಬೇಕಾಗಿದ್ದರಿಂದ ನಾಣ್ಯದ ನಡುವನ್ನು ಕೊರೆದು ಲೋಹ ಉಳಿಸಿದರು. 1940ರಲ್ಲೇ ರೂಪಾಯಿಯ ಬೆಳ್ಳಿಯನ್ನೂ ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿದ್ದರು. ತೂತಿನ ಕಾಸು ಮೊದಲು ಬಂದ 1943ನೆಯ ಇಸವಿಯಲ್ಲೇ ಬಂಗಾಳದಲ್ಲಿ ಘೋರ ಕ್ಷಾಮ. ಸತ್ತವರು ಸುಮಾರು 30 ಲಕ್ಷವೆಂದು ಅನೇಕ ಇತಿಹಾಸಕಾರರ ಅಂದಾಜು. ಯುದ್ಧದ ಅಗತ್ಯಗಳಿಗೆ ಮೊದಲ ಸ್ಥಾನ ಕೊಟ್ಟ ಆಡಳಿತದ ಪಾಲು ಅದರಲ್ಲಿ ದೊಡ್ಡದು. ಇಷ್ಟಾದರೂ ತೂತಿನ ಕಾಸನ್ನು ಇಟ್ಟುಕೊಳ್ಳಲು ನಮಗೆ ನಾಚಿಕೆ ಇಲ್ಲ. ಏಕೆಂದರೆ ಅದು ನಮ್ಮ ಮನಸ್ಸಿನಲ್ಲಿ ಆರನೆಯ ಜಾರ್ಜನದಲ್ಲ, ಅಜ್ಜಿಯದು. ಅವರು ಅದರಲ್ಲಿ ಸೊಪ್ಪು ಕೊಂಡಿದ್ದರು, ಉಪ್ಪು ಕೊಂಡಿದ್ದರು.

ಆದರೆ ಈ ಸಮಾಧಾನವನ್ನು ಎಲ್ಲ ನಾಣ್ಯಕ್ಕೂ ಅಂಟಿಸಲಾಗದು. ಕೆಲವು ನಾಣ್ಯಗಳು ಜನರ ಕೈಗೆ ಬರಲೇ ಇಲ್ಲ. ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡ್ 1885ರಿಂದ 1908ರವರೆಗೆ ಆಫ್ರಿಕದ ಕಾಂಗೋವನ್ನು ತನ್ನ ಖಾಸಗಿ ಆಸ್ತಿಯಂತೆ ಆಳಿದ. ಅವನು ಕಾಂಗೋಗಾಗಿ ಟಂಕಿಸಿದ 5 ಫ್ರಾಂಕಿನ ಬೆಳ್ಳಿನಾಣ್ಯದ ಒಂದು ಬದಿಗೆ ಅವನ ಗಡ್ಡದ ಮುಖ, ಇನ್ನೊಂದು ಬದಿಗೆ ಸಿಂಹಗಳು ಹಿಡಿದ ಲಾಂಛನ ಮತ್ತು ಒಂದು ಧ್ಯೇಯವಾಕ್ಯ: "ದುಡಿಮೆ ಮತ್ತು ಪ್ರಗತಿ". ದುಡಿಮೆಯೇನೋ ನಡೆಯಿತು. ಹಳ್ಳಿ ಹಳ್ಳಿಗೆ ರಬ್ಬರಿನ ಪ್ರಮಾಣ ಗೊತ್ತುಮಾಡಿ, ತರದವರ ಹೆಂಡಿರನ್ನು ಒತ್ತೆಯಿಟ್ಟುಕೊಂಡು, ಊರು ಸುಟ್ಟು, ಕೈ ಕತ್ತರಿಸಿ ದುಡಿಸಿದರು. ಬ್ರಿಟಿಷ್ ರಾಯಭಾರ ಅಧಿಕಾರಿ ರೋಜರ್ ಕೇಸ್ಮೆಂಟನ 1904ರ ವರದಿ ಇದನ್ನು ಜಗತ್ತಿಗೆ ತಿಳಿಸಿತು. ಆ ರಬ್ಬರಿಗೆ ಪ್ರತಿಯಾಗಿ ಒಳನಾಡಿನ ಜನರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಹಿತ್ತಾಳೆ ತಂತಿಯ ತುಂಡು, ಒಂದಿಷ್ಟು ಬಟ್ಟೆ ಅಥವಾ ಉಪ್ಪು. ಎಷ್ಟೋ ಸಲ ಏನೂ ಇಲ್ಲ. ಸವೆಯದ, ಹೊಳಪು ಮಾಸದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರಷ್ಟೆ. ಕಾಂಗೋದ ಬೆಳ್ಳಿಯ ಮೇಲಿನ ಹೊಳಪನ್ನು ಕಂಡಾಗ, ಅದನ್ನು ಸವೆಸಬೇಕಾಗಿದ್ದ ಕೈಗಳಿಗೆ ಅದು ತಲುಪಿತ್ತೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇಂಗ್ಲೆಂಡಿನ ಗಿನಿ ನಾಣ್ಯದ ಕತೆಯೂ ಇದಕ್ಕೆ ಹತ್ತಿರದ್ದು. 1663ರಲ್ಲಿ ಆರಂಭವಾದ ಈ ಚಿನ್ನದ ನಾಣ್ಯಕ್ಕೆ ಪಶ್ಚಿಮ ಆಫ್ರಿಕದ ಗಿನಿ ತೀರದಿಂದಲೇ ಹೆಸರು ಬಂದಿದೆ. ಕೆಲವು ಗಿನಿಗಳಲ್ಲಿ ದೊರೆಯ ತಲೆಯ ಕೆಳಗೆ ಪುಟ್ಟದೊಂದು ಆನೆ ಇರುತ್ತದೆ. ಮಕ್ಕಳಿಗೆ ಇಷ್ಟವಾಗುವಂಥ ಆನೆ. ಅದು ಚಿನ್ನವನ್ನೂ ಗುಲಾಮರನ್ನೂ ಸಾಗಿಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ ಗುರುತು.

ಇಲ್ಲಿಯವರೆಗೆ ಹೇಳಿದ ಪ್ರಭುತ್ವಗಳೆಲ್ಲ ಅಳಿದುಹೋದವು. ಅವುಗಳ ನಾಣ್ಯಕ್ಕೆ ನಾವು ಕೊಡುವ ಹಣ ಅವುಗಳ ಬೊಕ್ಕಸಕ್ಕೆ ಹೋಗುವುದಿಲ್ಲ. ಪ್ರಭುತ್ವ ಇನ್ನೂ ಬದುಕಿರುವಾಗ ಏನು ಮಾಡಬೇಕು? ಇದಕ್ಕೆ ದಕ್ಷಿಣ ಆಫ್ರಿಕದ ಕ್ರೂಗರ್‌ರಾಂಡ್ ನಾಣ್ಯಕ್ಕಿಂತ ಸ್ಪಷ್ಟ ಉದಾಹರಣೆ ಸಿಕ್ಕುವುದು ಕಷ್ಟ. 1967ರಲ್ಲಿ, ಎಂದರೆ ವರ್ಣಭೇದ ನೀತಿ ಉತ್ತುಂಗದಲ್ಲಿದ್ದಾಗ, ಅದು ಮೊದಲು ಹೊರಬಂತು. ಒಂದು ಔನ್ಸ್ ಅಪ್ಪಟ ಚಿನ್ನವುಳ್ಳ, 22 ಕ್ಯಾರಟ್ಟಿನ ನಾಣ್ಯ. ಒಂದು ಬದಿಗೆ ಪಾಲ್ ಕ್ರೂಗರನ ಮುಖ, ಇನ್ನೊಂದು ಬದಿಗೆ ಸ್ಪ್ರಿಂಗ್‌ಬಾಕ್ ಎಂಬ ಜಿಂಕೆ. ಅದನ್ನು ಮಾಡಿದ್ದೇ ಹೊರದೇಶದ ಜನ ಕೊಂಡು ಕೂಡಿಡಲಿ, ಆ ಮೂಲಕ ದೇಶದ ಚಿನ್ನಕ್ಕೆ ಗಿರಾಕಿ ಸಿಗಲಿ ಎಂದು. ಹಾಗೆಯೇ ಆಯಿತು. 1980ರ ಹೊತ್ತಿಗೆ ಜಗತ್ತಿನ ಚಿನ್ನದ ನಾಣ್ಯ ಮಾರುಕಟ್ಟೆಯ ಬಹುಪಾಲನ್ನು ಅದು ಆಕ್ರಮಿಸಿಕೊಂಡಿತ್ತು. ಆ ಚಿನ್ನವನ್ನು ನೆಲದಾಳದಿಂದ ತೆಗೆದವರು ಕರಿಯ ಗಣಿಕಾರ್ಮಿಕರು. ಕುಟುಂಬವನ್ನು ದೂರದ ಊರಿನಲ್ಲಿ ಬಿಟ್ಟು ಬಂದು, ಗಂಡಸರೇ ತುಂಬಿದ ವಠಾರಗಳಲ್ಲಿ ಮಲಗಿ, ಬಿಳಿಯ ಕಾರ್ಮಿಕರ ಕೂಲಿಯ ಒಂದು ಸಣ್ಣ ಪಾಲಿಗೆ ದುಡಿದವರು.

ವರ್ಣಭೇದದ ವಿರೋಧಿಗಳು ಈ ನಾಣ್ಯವನ್ನೇ ಗುರಿಯಾಗಿಸಿಕೊಂಡದ್ದು ಸಹಜವಾಗಿತ್ತು. ಅಮೆರಿಕದಲ್ಲಿ ಅದನ್ನು ಮಾರುವ ಅಂಗಡಿಗಳ ಮುಂದೆ ಪ್ರತಿಭಟನೆ ನಡೆಯಿತು. 1985ರಲ್ಲಿ ಅಮೆರಿಕ ಅದರ ಆಮದನ್ನು ನಿಷೇಧಿಸಿತು. ಯುರೋಪಿನ ದೇಶಗಳೂ ಹಿಂಬಾಲಿಸಿದವು. (ದಕ್ಷಿಣ ಆಫ್ರಿಕದೊಂದಿಗೆ ವಾಣಿಜ್ಯ ಸಂಬಂಧವನ್ನೇ ಕಡಿದುಕೊಂಡ ಮೊದಲ ದೇಶ ಭಾರತ, ಅದೂ 1946ರಲ್ಲೇ, ನಾವಿನ್ನೂ ಸ್ವತಂತ್ರರಾಗುವ ಮೊದಲೇ.) 1990ರಲ್ಲಿ ನೆಲ್ಸನ್ ಮಂಡೇಲಾ ಬಿಡುಗಡೆಯಾದರು, 1991ರಲ್ಲಿ ಅಮೆರಿಕ ನಿಷೇಧ ತೆಗೆಯಿತು, 1994ರಲ್ಲಿ ಎಲ್ಲ ಜನಾಂಗದವರೂ ಮತ ಹಾಕಿದ ಚುನಾವಣೆ ನಡೆಯಿತು.

ಕ್ರೂಗರ್‌ರಾಂಡ್ ಅಲ್ಲಿಗೆ ನಿಲ್ಲಲಿಲ್ಲ. ಹೊಸ ಸರ್ಕಾರದ ಕಾಲದಲ್ಲೂ ಅದೇ ಮುಖ, ಅದೇ ಜಿಂಕೆಯೊಡನೆ ಟಂಕಣೆಯಾಗುತ್ತ ಬಂತು. 1984ರದನ್ನೂ 1996ರದನ್ನೂ ಪಕ್ಕಪಕ್ಕದಲ್ಲಿಟ್ಟರೆ ಇಸವಿಯನ್ನು ಬಿಟ್ಟು ಬೇರೆ ವ್ಯತ್ಯಾಸ ಕಾಣುವುದು ಕಷ್ಟ. ಆದರೆ 1984ರಲ್ಲಿ ಹೊಸದಾಗಿ ಒಂದನ್ನು ಕೊಂಡವನು ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ವ್ಯವಸ್ಥೆಗೆ ಬಲ ತುಂಬಿದ. ಅದೇ ನಾಣ್ಯವನ್ನು ಇವತ್ತು ಹಳೆಯ ನಾಣ್ಯದ ಅಂಗಡಿಯಲ್ಲಿ ಕೊಂಡವನ ಹಣ ಅಂಗಡಿಯವನಿಗೆ ಹೋಗುತ್ತದೆ. ನಾಣ್ಯದ ಮೇಲಿನ ಚಿತ್ರವನ್ನಷ್ಟೇ ನೋಡಿ ಸರಿ ತಪ್ಪು ತೀರ್ಮಾನಿಸಲು ಹೊರಟರೆ ಈ ವ್ಯತ್ಯಾಸ ಕೈತಪ್ಪಿಹೋಗುತ್ತದೆ. ಆಳ್ವಿಕೆ ಇನ್ನೂ ನಡೆದಿರುವಾಗ "ನಾನು ರಾಜಕೀಯದವನಲ್ಲ, ಬರೀ ಸಂಗ್ರಾಹಕ" ಎನ್ನುವ ಮಾತಿಗೆ ಬೆಲೆ ಇಲ್ಲವೆಂದೇ ನನ್ನ ಅಭಿಪ್ರಾಯ. ಆ ಪ್ರಭುತ್ವ ಹುಡುಕುತ್ತಿರುವುದು ಅಂಥ ಸಂಗ್ರಾಹಕನನ್ನೇ.

ಇನ್ನು ಎಲ್ಲಕ್ಕಿಂತ ಕಷ್ಟದ ಪ್ರಕರಣ: ಸೆರೆಯಾಳುಗಳಿಗಾಗಿಯೇ ಮಾಡಿದ ಹಣ.

ಪೋಲೆಂಡಿನ ಲೋಡ್ಜ್ ನಗರವನ್ನು (ಪೋಲಿಷರು ಅದನ್ನು ವೂಚ್ ಎನ್ನುತ್ತಾರೆ) ಹಿಡಿದ ಜರ್ಮನರು 1940ರಲ್ಲಿ ಅಲ್ಲಿನ ಯಹೂದಿಗಳನ್ನೆಲ್ಲ ಒಂದು ಕೇರಿಗೆ ಅಟ್ಟಿ ಸುತ್ತ ಬೇಲಿ ಹಾಕಿದರು. ಇಂಥ ಕೇರಿಗೆ ಗೆಟ್ಟೊ ಎಂದು ಹೆಸರು. ಒಳಗಿದ್ದವರ ಹತ್ತಿರದ ಜರ್ಮನ್, ಪೋಲಿಷ್ ಹಣವನ್ನೆಲ್ಲ ಕಸಿದುಕೊಂಡು ಬದಲಿಗೆ ಕೇರಿಯೊಳಗೆ ಮಾತ್ರ ನಡೆಯುವ ಕಾಗದದ ಹಣ ಕೊಟ್ಟರು. ಬೇಲಿಯಾಚೆ ಅದಕ್ಕೆ ಕವಡೆಯ ಕಿಮ್ಮತ್ತೂ ಇಲ್ಲ. ಕದ್ದು ಆಹಾರ ತರಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. ಬೇಲಿಯ ಕೆಲಸದ ಅರ್ಧವನ್ನು ಈ ಹಣವೇ ಮಾಡಿತು. 1942-43ರಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಮಿಶ್ರಲೋಹಗಳ ಹಗುರವಾದ ನಾಣ್ಯಗಳೂ ಬಂದವು. ಅವುಗಳ ಮೇಲೆ ಆರು ಮೂಲೆಯ ನಕ್ಷತ್ರವಿದೆ, "ಗೆಟ್ಟೊ" ಎಂಬ ಪದವಿದೆ. ಬೆಲೆಯನ್ನು ಸೂಚಿಸುವ ಕಡೆ ಬರೆದಿರುವುದು "10 ಮಾರ್ಕಿಗೆ ರಸೀದಿ" ಎಂದು. ಹೌದು, ಹಣವೆಂದು ಕೂಡ ಕರೆಯಲಿಲ್ಲ, ಕಿತ್ತುಕೊಂಡದ್ದಕ್ಕೆ ರಸೀದಿ. ಎರಡು ಲಕ್ಷಕ್ಕೂ ಹೆಚ್ಚು ಜನ ಈ ಗೆಟ್ಟೊದ ಮೂಲಕ ಹಾದುಹೋದರು. 1944ರ ಆಗಸ್ಟಿನಲ್ಲಿ ಉಳಿದಿದ್ದವರಲ್ಲಿ ಹೆಚ್ಚಿನವರನ್ನು ಆಶ್‌ವಿಟ್ಜ್‌ಗೆ ಸಾಗಿಸಲಾಯಿತು.

ಈ ರಸೀದಿಗಳಿಗೆ ಇಂದು ಮಾರುಕಟ್ಟೆ ಇದೆ, ಬೆಲೆಯಿದೆ. ಬೆಲೆಯಿರುವುದರಿಂದ ನಕಲಿಗಳೂ ಧಾರಾಳವಾಗಿವೆ. ಸತ್ತವರ ಹೆಸರಿನಲ್ಲಿ ನಕಲಿ ಬಿಲ್ಲೆ ಒತ್ತಿ ಮಾರುವುದಕ್ಕಿಂತ ಹೀನವಾದ ವ್ಯಾಪಾರವನ್ನು ಊಹಿಸುವುದು ಕಷ್ಟ. ಹಾಗಾದರೆ ಅಸಲಿಯನ್ನು ಕೊಳ್ಳಬಹುದೆ? ಇಲ್ಲಿ ತಿಳಿದವರಲ್ಲೇ ಒಮ್ಮತವಿಲ್ಲ. ಜೆರುಸಲೆಮ್ಮಿನ ಯಾದ್ ವಾಶೆಮ್, ವಾಷಿಂಗ್ಟನ್ನಿನ ಹಾಲೊಕಾಸ್ಟ್ ವಸ್ತುಸಂಗ್ರಹಾಲಯಗಳಂಥ ಸಂಸ್ಥೆಗಳು ಇಂಥ ಹಣವನ್ನು ಸಾಕ್ಷ್ಯವೆಂದು ಕಾಪಾಡುತ್ತವೆ. ಯಹೂದಿ ಸಂಗ್ರಾಹಕರೂ ಸಾಕ್ಷ್ಯ ಚದುರಿಹೋಗದಿರಲೆಂದು ಸಂಗ್ರಹಿಸಿದ್ದಾರೆ. ಇನ್ನು ಕೆಲವರ ವಾದ: ಇದು ಬೆಲೆ ಕಟ್ಟುವ ವಸ್ತುವೇ ಅಲ್ಲ, ಒಂದು ಕುಟುಂಬದ ಬಳಿ ಇರಬೇಕು, ಇಲ್ಲವೇ ವಸ್ತುಸಂಗ್ರಹಾಲಯದಲ್ಲಿರಬೇಕು. ನನಗೆ ಈ ಎರಡನೆಯ ವಾದದ ಕಡೆಗೆ ಒಲವು. ಆದರೂ ಹೇಗೋ ಕೈಸೇರಿದ ಒಂದನ್ನು ಗೌರವದಿಂದ ಇಟ್ಟುಕೊಂಡವರನ್ನು ನಾನು ದೂರಲಾರೆ. ಪ್ರಶ್ನೆ ಅದು ಹೇಗೆ ಬಂತೆಂಬುದು. ಮಾರುವವನು ಮೂಲ ಹೇಳಲಾರದೆ ಹೋದರೆ, ಅಥವಾ "ಭಯಾನಕ ವಸ್ತು" ಎಂದು ಹೊಗಳಿ ಬೆಲೆ ಏರಿಸಿದರೆ, ಅಂಗಡಿಯಿಂದ ಎದ್ದು ಬರುವುದು ಮೇಲು.

ಇಟ್ಟುಕೊಂಡವರಿಗೂ ಒಂದು ಕೆಲಸವಿದೆ. ನಾಣ್ಯದ ಲಕೋಟೆಯ ಮೇಲೆ ನಾವು ಸಾಮಾನ್ಯವಾಗಿ ದೇಶ, ಇಸವಿ, ಲೋಹ, ತೂಕ, ಸ್ಥಿತಿ ಇಷ್ಟನ್ನೇ ಬರೆಯುತ್ತೇವೆ. ತೂತಿನ ಕಾಸಿನ ಲಕೋಟೆಯ ಮೇಲೆ ಬಂಗಾಳದ ಒಂದು ಸಾಲು, ಪಾಟ್ಸ್‌ಡ್ಯಾಮ್ ನಾಣ್ಯದ ಲಕೋಟೆಯ ಮೇಲೆ ಮಾರ್ಚ್ 22ರ ಮತ್ತು 23ರ ಒಂದೊಂದು ಸಾಲು ಸೇರಿಸಲು ಐದು ನಿಮಿಷ ಸಾಕು. ನಾಣ್ಯ ಮುಚ್ಚಿಟ್ಟದ್ದನ್ನು ಲಕೋಟೆ ಹೇಳಲಿ. ಕಾಲೇಜಿನ ಪ್ರದರ್ಶನಗಳಲ್ಲಿ ಈ ಸಾಲುಗಳನ್ನು ಬಿಟ್ಟು ಬರೀ ಹದ್ದು, ಕಿರೀಟಗಳನ್ನು ಸಾಲಾಗಿ ಜೋಡಿಸಿಟ್ಟರೆ ಆ ಪ್ರಭುತ್ವಗಳು ಬಯಸಿದ್ದ ಪ್ರದರ್ಶನವನ್ನೇ ನಾವು ಏರ್ಪಡಿಸಿದಂತಾಗುತ್ತದೆ.

ಒಂದು ನೋಟಿನ ವಿವರವನ್ನು ಇಲ್ಲಿ ಕೊಡುತ್ತೇನೆ. ಅದು ನಾಣ್ಯವಲ್ಲ, ಕಾಗದ; ಆದರೆ ಇದೇ ಜಾತಿಗೆ ಸೇರಿದ್ದು. ಈಗಿನ ಚೆಕ್ ಗಣರಾಜ್ಯದಲ್ಲಿರುವ ಟೆರೆಜಿನ್ ಊರಿನಲ್ಲಿ ಜರ್ಮನರು ಥೆರೇಸಿಯನ್‌ಸ್ಟಾಟ್ ಎಂಬ ಗೆಟ್ಟೊ ನಡೆಸಿದರು. ಅಲ್ಲಿಗೆ ತಂದ ಸುಮಾರು 1,40,000 ಜನರಲ್ಲಿ 33,000ದಷ್ಟು ಮಂದಿ ಅಲ್ಲೇ ಸತ್ತರು. ಇನ್ನೂ ಹೆಚ್ಚಿನವರನ್ನು ಪೂರ್ವದ ಕೊಲೆಶಿಬಿರಗಳಿಗೆ ಕಳುಹಿಸಲಾಯಿತು. ಊರು ಚೆನ್ನಾಗಿ ನಡೆದಿದೆಯೆಂದು ಹೊರಗಿನವರಿಗೆ ತೋರಿಸಲು ಅಲ್ಲಿ ಬ್ಯಾಂಕು ಇತ್ತು, ಅಂಗಡಿ ಇತ್ತು, 1943ರ ಜನವರಿ 1ರ ದಿನಾಂಕ ಹೊತ್ತ ನೋಟುಗಳಿದ್ದವು. ಅವುಗಳಿಂದ ಕೊಳ್ಳಬಹುದಾದ ಸಾಮಾನು ಮಾತ್ರ ಹೆಚ್ಚೇನೂ ಇರಲಿಲ್ಲ. ಯುದ್ಧ ಮುಗಿದಾಗ ಕಂತೆಗಟ್ಟಲೆ ಉಳಿದಿದ್ದುದರಿಂದ ಇಂದಿಗೂ ಅವು ಅಪರೂಪವಲ್ಲ. ನೋಟಿನ ಮೇಲೆ ಹತ್ತು ಕಟ್ಟಳೆಗಳ ಶಿಲಾಫಲಕ ಹಿಡಿದ ಮೋಸೆಸ್ ಇದ್ದಾನೆ. ಚಿತ್ರ ಬರೆದವನು ಅಲ್ಲಿನ ಸೆರೆಯಾಳೇ ಆಗಿದ್ದ ಪೀಟರ್ ಕೀನ್ ಎಂಬ ತರುಣ ಕಲಾವಿದ. ಅದೇ ಶಿಬಿರದಲ್ಲಿ ವಿಕ್ಟರ್ ಉಲ್ಮನ್ ರಚಿಸಿದ ಸಂಗೀತ ನಾಟಕಕ್ಕೆ ಸಾಹಿತ್ಯ ಬರೆದವನೂ ಅವನೇ. ಕೆಳಗಿನ ಸಹಿ ಗೆಟ್ಟೊದ ಹಿರಿಯನೆಂದು ಜರ್ಮನರು ನೇಮಿಸಿದ್ದ ಯಾಕೋಬ್ ಎಡೆಲ್‌ಸ್ಟೈನನದು. ಎಡೆಲ್‌ಸ್ಟೈನನನ್ನು 1944ರ ಜೂನ್ 20ರಂದು ಆಶ್‌ವಿಟ್ಜ್‌ನಲ್ಲಿ ಗುಂಡಿಟ್ಟು ಕೊಂದರು. ಕೀನ್ ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿಯೇ ಸತ್ತ. ಅವನಿಗೆ 25 ವರ್ಷ ವಯಸ್ಸಾಗಿತ್ತು.